ಗೋಡೆ ಮೇಲಿನ ಫಲಕದವರಿಗೆ

ಮಾನ್ಯ 'ಧೂಮಪಾನ ನಿಷೇಧಿಸಿದೆ' ಫಲಕದವರೇ,

2008ರ ಗಾಂಧಿ ಜಯಂತಿಯಂದು ತಾವು ನಮ್ಮ ದರ್ಶಿನಿಯ ಗೋಡೆ ಏರಿದಾಗ ನಾನು ಕೆಳಗೇ ನಿಂತು ಬೈಟೂ ಕಾಫಿ ಜತೆ ದಮ್ಮು ಎಳೆಯುತ್ತಿದ್ದೆ. 60 ಸೆಂಟಿಮೀಟರ್ ಉದ್ದ, 30 ಅಗಲ, ಕೆಳಗೆ ಯಾರಿಗೆ ದೂರು ಕೊಡಬೇಕೋ ಅವರ ಹೆಸರು. ಎಲ್ಲ ಕಾನೂನು ಪ್ರಕಾರವೇ. ಆ ಹೆಸರಿನ ಮಾಲೀಕರೇ ನನ್ನ ಹತ್ತಿರ ಬೆಂಕಿಪೊಟ್ಟಣ ಕೇಳಿದರು. 200 ರೂಪಾಯಿ ದಂಡವಂತೆ ಎಂದು ಇಬ್ಬರೂ ನಕ್ಕೆವು. ಕ್ಷಮಿಸಿ, ಆಗ ತಮ್ಮನ್ನು ಲೆಕ್ಕಕ್ಕೇ ಇಟ್ಟಿರಲಿಲ್ಲ.

ಹಿಂದಿನ ವೈಭವ ತಮಗೆ ಗೊತ್ತಿರಲಾರದು. ಬಸ್ಸಿನಲ್ಲಿ ಡ್ರೈವರೇ ಬೀಡಿ ಹಚ್ಚುತ್ತಿದ್ದ. ಟಾಕೀಸಿನ ಗಾಂಧಿ ಕ್ಲಾಸಿನಿಂದ (ಪಾಪ, ಅಲ್ಲೂ ಗಾಂಧಿಯೇ!) ಎದ್ದ ಹೊಗೆ ಪ್ರೊಜೆಕ್ಟರಿನ ಬೆಳಕಲ್ಲಿ ಸುರುಳಿ ಸುತ್ತುತ್ತಿತ್ತು, ಹೀರೋ ಒದ್ದರೆ ವಿಲನ್ ಬೀಳುವುದು ನಮ್ಮ ಮೋಡದೊಳಕ್ಕೇ. ಪೆಟ್ಟಿಗೆ ಅಂಗಡಿಯ ಕಂಬದಲ್ಲಿ ನಾರಿನ ಹಗ್ಗವೊಂದು ತುದಿ ಕೆಂಪಗೆ ಮಾಡಿಕೊಂಡು ಸದಾ ಜೋಲುತ್ತಿತ್ತು. ಅದನ್ನೆಳೆದು, ಬೂದಿ ಕೊಡವಿ, ಉಫ್ ಎಂದು ಊದಿ ಹಚ್ಚಿಕೊಳ್ಳುವಾಗ ಯಾರೂ ಯಾರ ಜಾತಿಯನ್ನೂ ಕೇಳುತ್ತಿರಲಿಲ್ಲ. ಈಗ ಅಲ್ಲಿ ಚಿಪ್ಸ್ ಪೊಟ್ಟಣಗಳ ಸರ.

ಇಷ್ಟು ವರ್ಷದಲ್ಲಿ ಒಂದು ಸಲವೂ ನಾನು ದಂಡ ಕಟ್ಟಿಲ್ಲ. ಆದರೆ ಮೊನ್ನೆ ಬಸ್ ಸ್ಟಾಪಿನಲ್ಲಿ ಹಚ್ಚಿದೆ ನೋಡಿ, ಪಕ್ಕದ ಹುಡುಗಿ ತುಟಿ ಪಿಟಕ್ಕೆನ್ನದೆ ದುಪಟ್ಟಾ ಮೂಗಿಗೆ ಹಿಡಿದು ಎರಡು ಹೆಜ್ಜೆ ಸರಿದಳು. ಮಗು ಎತ್ತಿಕೊಂಡಿದ್ದ ತಾಯಿ, "ಅಂಕಲ್, ಸ್ವಲ್ಪ ಆ ಕಡೆ ಹೋಗ್ತೀರಾ?" ಎಂದರು. ಆ ಕಡೆ ಅಂದರೆ ಮೋರಿ. ಹೋದೆ. ಅಲ್ಲಿ ಆಗಲೇ ಮೂವರಿದ್ದರು. ಒಬ್ಬರು ನಮ್ಮ ದರ್ಶಿನಿಯ ಮಾಲೀಕರು. "ಬೆಂಕಿಪೊಟ್ಟಣ ಇದೆಯಾ?" ಎಂದರು.

2025ರಲ್ಲಿ ನಮ್ಮ ರಾಜ್ಯ ದಂಡವನ್ನು 1000 ರೂಪಾಯಿಗೆ ಏರಿಸಿತು. 21 ತುಂಬದವರಿಗೆ ಸಿಗರೇಟು ಮಾರುವಂತಿಲ್ಲ, ಬಿಡಿಯಾಗಿಯೂ ಮಾರುವಂತಿಲ್ಲ. ನನ್ನಾಕೆ ಮೂವತ್ತು ವರ್ಷದಿಂದ "ಬಿಡಿ, ಬಿಡಿ" ಅನ್ನುತ್ತಿದ್ದಾಳೆ; ಸರ್ಕಾರ "ಬಿಡಿ ಬೇಡ, ಪ್ಯಾಕೇ ಕೊಳ್ಳಿ" ಅನ್ನುತ್ತದೆ. ಯಾರ ಮಾತು ಕೇಳಲಿ?

ತಮ್ಮಲ್ಲಿ ಒಂದೇ ಅರಿಕೆ. ತಮ್ಮ ಮೂಲೆಯಲ್ಲಿ ಮೋರಿ ಕಡೆಗೊಂದು ಬಾಣದ ಗುರುತು ಬರೆಸಿಕೊಳ್ಳಿ. ಹೊಸಬರು ಬಂದು ದಾರಿ ಕೇಳಿದರೆ, ನಿಂತು ವಿವರಿಸುವಷ್ಟು ಉಸಿರು ನಮಗೀಗ ಸಾಲುತ್ತಿಲ್ಲ.

ಇತಿ,
ಮೋರಿ ಪಕ್ಕದವ