ಗೃಹವಾಯು ಮೀಮಾಂಸೆ, ಅಥವಾ ಎರಡು ಹಸಿರುಗಳ ವಿಚಾರ

ಶಾಸ್ತ್ರಗ್ರಂಥವನ್ನು ಆರಂಭಿಸುವವನು ಮೊದಲಿಗೆ ಅಧಿಕಾರಿ, ವಿಷಯ, ಸಂಬಂಧ, ಪ್ರಯೋಜನ ಎಂಬ ನಾಲ್ಕನ್ನು ನಿರ್ದೇಶಿಸತಕ್ಕದ್ದೆಂಬ ಪೂರ್ವಾಚಾರ್ಯರ ಕಟ್ಟಳೆಯನ್ನು ಮೀರುವ ಧೈರ್ಯ ನನಗಿಲ್ಲವಾದುದರಿಂದ, ಆ ಋಣವನ್ನು ಇಲ್ಲಿಯೇ ತೀರಿಸಿಬಿಡುತ್ತೇನೆ. ಬೆಳಗ್ಗೆ ಹಾಸಿಗೆಯಿಂದೆದ್ದವನೇ ಮೂರಕ್ಕೆ ಕಡಿಮೆಯಿಲ್ಲದಂತೆ ಸೀನುವವನು ಈ ಶಾಸ್ತ್ರಕ್ಕೆ ಅಧಿಕಾರಿ. ಮನೆಯೊಳಗಿನ ಗಾಳಿಯೇ ವಿಷಯ. ಆ ಗಾಳಿಗೂ ಅವನ ಮೂಗಿಗೂ ಇರುವುದೇ ಸಂಬಂಧ. ಇನ್ನು ಪ್ರಯೋಜನವೆಂಬುದನ್ನು ಗಾಳಿ ಶೋಧಿಸುವ ಯಂತ್ರ ಮಾರುವವರು ಪೆಟ್ಟಿಗೆಯ ಆರೂ ಮುಖಗಳ ಮೇಲೆ ಅಚ್ಚುಹಾಕಿಸಿರುವುದರಿಂದ, ನಾನೂ ಬರೆದರೆ ಪುನರುಕ್ತಿದೋಷ ತಗುಲೀತು.

ವಾಯುವಿಗೆ ರೂಪವಿಲ್ಲ, ಸ್ಪರ್ಶವುಂಟು ಎಂದು ವೈಶೇಷಿಕರು ಲಕ್ಷಣ ಹೇಳಿದರು. ಪಾಪ, ಅವರು ದೆಹಲಿಯ ಕಾರ್ತಿಕಮಾಸವನ್ನು ಕಂಡವರಲ್ಲ. ಪಂಜಾಬು ಹರಿಯಾಣಗಳ ಬತ್ತದ ಕೂಳೆ ಸುಟ್ಟ ಹೊಗೆ, ಲಕ್ಷಾಂತರ ವಾಹನಗಳ ಉಸಿರು, ಮುಗಿಯದ ಕಟ್ಟಡಗಳ ಧೂಳು, ಇವೆಲ್ಲವೂ ಕೂಡಿಕೊಂಡು, ಎಲೆ ಅಲುಗುವಷ್ಟೂ ಗಾಳಿಯಾಡದ ಆ ದಿನಗಳಲ್ಲಿ, ನೆಲದ ತಣ್ಣನೆಯ ಗಾಳಿಯ ಮೇಲೆ ಬೆಚ್ಚನೆಯ ಪದರವೊಂದು ಮುಚ್ಚಳದಂತೆ ಕವಿದು ಕೂತಿರಲು, ಮೇಲಕ್ಕೂ ಹೋಗದೆ ಪಕ್ಕಕ್ಕೂ ಸರಿಯದೆ ನಿಂತುಬಿಡುತ್ತವೆ. ಆಗ ಅಲ್ಲಿಯ ವಾಯುವಿಗೆ ಬೂದಿಯ ರೂಪವೂ ಉಂಟು, ನಾಲಗೆಗೆ ಹತ್ತುವ ರಸವೂ ಉಂಟು, ಗಂಧದ ಮಾತಂತೂ ಬೇಡ. ರೂಪ ರಸ ಗಂಧ ಸ್ಪರ್ಶಗಳು ನಾಲ್ಕೂ ಉಳ್ಳ ದ್ರವ್ಯವು ಪೃಥಿವಿಯೆಂದು ಅದೇ ವೈಶೇಷಿಕರೇ ಒಪ್ಪಿರುವುದರಿಂದ, ದೆಹಲಿಯ ಗಾಳಿಯು ವಾಸ್ತವವಾಗಿ ಗಾಳಿಯೇ ಅಲ್ಲ, ತೇಲುತ್ತಿರುವ ಮಣ್ಣು ಎಂಬುದು ನಿರ್ವಿವಾದವಾಗಿ ಸಿದ್ಧವಾಯಿತು. ನಮ್ಮ ಮಲೆನಾಡಿನ ಆಷಾಢದ ಗಾಳಿಯನ್ನು ಇದೇ ಒರೆಗಲ್ಲಿಗೆ ಹಚ್ಚಿದರೆ ಅದು ಅಪ್‌ತತ್ತ್ವವೆಂದು ತೇಲುವುದು. ಇವೆರಡರ ಭೇದವನ್ನರಿಯದೆ ಮಣ್ಣಿಗೆ ಮಾಡಿದ ಯಂತ್ರವನ್ನು ನೀರಿಗೆ ಹೊತ್ತು ತಂದವನ ಪಾಡೇ ಈ ಪ್ರಬಂಧದ ಉತ್ತರಾರ್ಧ.

ಕಿಟಕಿಯ ಸಂದಿನಿಂದ ಬೀಳುವ ಬಿಸಿಲಕೋಲಿನಲ್ಲಿ ಕುಣಿಯುವ ಕಣಕ್ಕೆ ಪ್ರಾಚೀನರು ತ್ರಸರೇಣುವೆಂದು ಹೆಸರಿಟ್ಟು, ಎರಡು ಪರಮಾಣುಗಳಿಂದ ಒಂದು ದ್ವ್ಯಣುಕ, ಮೂರು ದ್ವ್ಯಣುಕಗಳಿಂದ ಒಂದು ತ್ರಸರೇಣು, ಕಣ್ಣಿಗೆ ಕಾಣುವುದರಲ್ಲಿ ಇದೇ ಕಟ್ಟಕಡೆಯದು ಎಂದು ಲೆಕ್ಕ ಮುಗಿಸಿದರು. ಆಧುನಿಕರಾದರೋ ಕಣ್ಣಿಗೆ ಕಾಣುವ ಧೂಳಿಗೆ ಮರ್ಯಾದೆಯನ್ನೇ ಕೊಡುವುದಿಲ್ಲ. ತಲೆಗೂದಲಿನ ದಪ್ಪದಲ್ಲಿ ಸುಮಾರು ಮೂವತ್ತರಲ್ಲೊಂದು ಪಾಲಿನದಾಗಿ, ಮೂಗಿನ ರೋಮವನ್ನೂ ಗಂಟಲಿನ ಕಫವನ್ನೂ ವಂಚಿಸಿ ಶ್ವಾಸಕೋಶದ ತುತ್ತತುದಿಯನ್ನು ಮುಟ್ಟಬಲ್ಲ 2.5 ಮೈಕ್ರಾನಿನ ಕಣವೂ ಅದಕ್ಕಿಂತ ಕಿರಿಯವೂ ಮಾತ್ರವೇ ಅವರ ಗಣನೆಗೆ ಅರ್ಹವಾದವು. ಇಂಥ ಕಣ ಎಷ್ಟಿದ್ದರೆ ಗಾಳಿ ಮೈಲಿಗೆಯೆಂಬುದು ದೇಶಾಚಾರಕ್ಕೆ ಬಿಟ್ಟದ್ದು. ನಮ್ಮ ಸರ್ಕಾರ 2009ರಲ್ಲಿ ಗೊತ್ತುಮಾಡಿದ ಮಾನದ ಮೇರೆಗೆ, ದಿನದ ಸರಾಸರಿಯಲ್ಲಿ ಒಂದು ಘನಮೀಟರು ಗಾಳಿಗೆ 60 ಮೈಕ್ರೋಗ್ರಾಂ ಇರಬಹುದು. ಜಿನೀವಾದಲ್ಲಿ ಕುಳಿತ ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ್ದು 15. ಆದಕಾರಣ 50 ಮೈಕ್ರೋಗ್ರಾಮಿನ ಗಾಳಿಯನ್ನು ಸೇವಿಸುವವನು ದೆಹಲಿಯಲ್ಲಿ ಮಡಿ, ಜಿನೀವಾದಲ್ಲಿ ಮೈಲಿಗೆ. ನಡುವೆ ವಿಮಾನದಲ್ಲಿರುವಾಗ ಅವನ ಸ್ಥಿತಿಯೇನೆಂಬುದನ್ನು ಧರ್ಮಶಾಸ್ತ್ರಜ್ಞರೇ ತಿಳಿಸಬೇಕು.

ನನ್ನ ಮಗನು ಆ ರಾಜಧಾನಿಯಲ್ಲಿ ಉದ್ಯೋಗಸ್ಥನಾದುದರಿಂದ ಒಂದು ಚಳಿಗಾಲವನ್ನು ನಾನಲ್ಲಿ ಕಳೆಯಬೇಕಾಗಿ ಬಂದು, ಯಂತ್ರವನ್ನು ಆರಿಸುವ ಭಾರ, ನಿವೃತ್ತನಿಗೆ ಬೇರೆ ಕೆಲಸವಿಲ್ಲವೆಂಬ ಸರ್ವಸಮ್ಮತವಾದ ನ್ಯಾಯದಿಂದ, ನನ್ನ ಮೇಲೆಯೇ ಬಿದ್ದಿತು. ಅಂಗಡಿಯವನು ತೋರಿಸಿದ ಮೊದಲ ಯಂತ್ರದ ಮೇಲೆ ‘ಹೆಪಾ ಮಾದರಿಯ ಶೋಧಕ’ ಎಂದು ಬರೆದಿತ್ತು. ನೈಯಾಯಿಕರು ಉಪಮಾನಪ್ರಮಾಣಕ್ಕೆ ಕೊಡುವ ಉದಾಹರಣೆ ಪಾಠಕರಿಗೆ ನೆನಪಿರಬಹುದು: ಹಸುವಿನಂತಿರುವ ಕಾಡುಪ್ರಾಣಿಯೇ ಗವಯ. ಹಸುವಿನಂತಿದೆಯೆಂದು ಗವಯವನ್ನು ತಂದು ಕೊಟ್ಟಿಗೆಯಲ್ಲಿ ಕಟ್ಟಿ, ಚೆಂಬು ಹಿಡಿದು ಕರೆಯಲು ಕುಳಿತವನಿಗೆ ಏನು ದೊರಕುವುದೋ, ಹೆಪಾದಂತಿರುವುದನ್ನು ಕೊಂಡವನಿಗೂ ಅದೇ ದೊರಕುವುದು. ನಿಜವಾದ ಹೆಪಾ ಎಂಬ ಮಡಿಕೆಮಡಿಕೆಯ ನಾರಿನ ಕಾಗದ ಎರಡನೆಯ ಮಹಾಯುದ್ಧದ ಕಾಲಕ್ಕೆ, ಅಮೆರಿಕೆಯ ಅಣುಬಾಂಬಿನ ಯೋಜನೆಯಲ್ಲಿ ವಿಕಿರಣಶೀಲ ಕಣಗಳನ್ನು ಹಿಡಿಯಲೆಂದು ಹುಟ್ಟಿಕೊಂಡದ್ದು; 0.3 ಮೈಕ್ರಾನಿನ ಕಣಗಳಲ್ಲಿ ಶೇಕಡಾ 99.97ನ್ನು ಅದು ತಡೆಯಬೇಕೆಂಬುದು ನಿಯಮ. ಈ 0.3ರ ಮೇಲೆಯೇ ಏಕೆ ಇಷ್ಟು ಕಣ್ಣೆಂದರೆ, ಜಾತ್ರೆಯ ಗುಂಪಿನಲ್ಲಿ ನುಗ್ಗುವ ಮಹಾಕಾಯನು ಯಾರಿಗಾದರೂ ಡಿಕ್ಕಿ ಹೊಡೆದೇ ನಿಲ್ಲುತ್ತಾನೆ. ಅತಿ ಸೂಕ್ಷ್ಮನು ಗಾಳಿಯ ಅಣುಗಳ ಏಟು ತಿನ್ನುತ್ತ, ಕುಡಿದವನಂತೆ ಅತ್ತಿತ್ತ ತೂರಾಡಿ, ಕೊನೆಗೊಂದು ಕಂಬಕ್ಕೆ ಅಂಟಿಕೊಳ್ಳುತ್ತಾನೆ. ನಡುಗಾತ್ರದವನು ಮಾತ್ರ ಯಾರನ್ನೂ ತಾಗದೆ ನುಸುಳಿ ಮನೆ ಸೇರುತ್ತಾನೆ. ಅವನನ್ನು ಹಿಡಿದವನು ಉಳಿದವರನ್ನು ಹಿಡಿದಂತೆಯೇ.

ಎರಡನೆಯ ವಿಚಾರ ಯಂತ್ರದ ಶಕ್ತಿಯದು. ಗಂಟೆಗೆ ಎಷ್ಟು ಘನಮೀಟರು ಶುದ್ಧವಾಯುವನ್ನು ಅದು ಹೊರಗೆಡಹುವುದೆಂಬ ಸಂಖ್ಯೆಯೊಂದುಂಟು. ಪೆಟ್ಟಿಗೆಯ ಮೇಲೆ ದೊಡ್ಡ ಅಕ್ಷರದಲ್ಲಿರುವ ‘ಇಷ್ಟು ಚದರಡಿಗೆ ಸಾಕು’ ಎಂಬ ಆಶ್ವಾಸನೆಯನ್ನು ಬಿಟ್ಟು, ಮೂಲೆಯಲ್ಲಿ ಅಡಗಿರುವ ಈ ಸಂಖ್ಯೆಯನ್ನೇ ಹುಡುಕತಕ್ಕದ್ದು. ಹನ್ನೆರಡಡಿ ಉದ್ದ, ಹತ್ತಡಿ ಅಗಲ, ಹತ್ತಡಿ ಎತ್ತರದ ಕೋಣೆಯಲ್ಲಿ ಸುಮಾರು 34 ಘನಮೀಟರು ಗಾಳಿ ಹಿಡಿಯುವುದು. ಗಂಟೆಗೆ ಐದಾವೃತ್ತಿ ಅದನ್ನು ತೊಳೆಯಬೇಕಾದರೆ 170 ಬೇಕು. ಆದರೆ ಈ ಸಂಖ್ಯೆಯನ್ನು ಅಳೆಯುವುದು ದ್ರುತಲಯದಲ್ಲಿ. ರಾತ್ರಿ ನಿದ್ರೆಯ ಸಲುವಾಗಿ ನಾವು ನಡೆಸುವುದು ವಿಳಂಬದಲ್ಲಿ, ಆಗ ಅದರ ಒಂದಂಶ ಮಾತ್ರ ಕೈಗೆ ಬರುವುದು. ಬೇಕಾದುದಕ್ಕಿಂತ ಹಿರಿಯ ಯಂತ್ರವನ್ನು ತಂದು ಮಧ್ಯಲಯದಲ್ಲಿ ಹಾಡಿಸುವುದೇ ರಸಿಕರ ಮಾರ್ಗ. ಇದ್ದಲಿನ ಪದರವು ವಾಸನೆಯನ್ನು ಹೀರುವುದು, ಆದರೆ ಬಟ್ಟೆಗೆ ಮಸಿ ಸವರಿದಂತಿರುವುದಲ್ಲ, ಕಾಳುಕಾಳಾಗಿ ತೂಕವಿರುವುದು. ಅಯಾನುಗಳನ್ನು ಸೂಸುತ್ತೇನೆಂದು ಹೆಮ್ಮೆಪಡುವ ಯಂತ್ರಗಳಲ್ಲಿ ಹಲವು ಓಜೋನನ್ನೂ ಸೂಸುವುದರಿಂದ, ಕಳ್ಳನನ್ನು ಓಡಿಸಲು ಕರಡಿಯನ್ನು ಸಾಕಿದಂತಾದೀತು.

ಹೀಗೆ ಪೂರ್ವಪಕ್ಷಗಳನ್ನೆಲ್ಲ ಖಂಡಿಸಿ ಆರಿಸಿ ತಂದ ಯಂತ್ರ ಹದಿನೇಳು ದಿನ ಹಗಲಿರುಳು ತಿರುಗಿದರೂ ನನ್ನ ಸೀನು ಒಂದಾದರೂ ಕಡಿಮೆಯಾಗದಿರಲು, ಪ್ರಾರಬ್ಧವೆಂದು ಸುಮ್ಮನಿದ್ದೆ. ಹದಿನೆಂಟನೆಯ ದಿನ ಮೊಮ್ಮಗಳು ಹಿಂಬದಿಯ ಬಾಗಿಲನ್ನು ತೆಗೆದು, ಶೋಧಕಕ್ಕೆ ಕಾರ್ಖಾನೆಯಲ್ಲಿ ತೊಡಿಸಿದ್ದ ಪಾಲಿಥೀನ್ ಚೀಲ ಇನ್ನೂ ಹಾಗೆಯೇ ಇರುವುದನ್ನು ತೋರಿಸಿದಳು. ಉಪದೇಶ ಪುಸ್ತಕದ ಮೊದಲನೆಯ ಪುಟದಲ್ಲಿಯೇ ಅದನ್ನು ಕಳಚಬೇಕೆಂದು ಬರೆದಿತ್ತು. ನಾನು ವಿದ್ವಾಂಸನಾದ್ದರಿಂದ ನಾಲ್ಕನೆಯ ಪುಟದಿಂದ ಓದಿದ್ದೆ.

ಚೀಲ ತೆಗೆದ ಮೇಲೆ ಯಂತ್ರಕ್ಕೆ ಪ್ರಾಣ ಬಂದಿತು, ಜೊತೆಯಲ್ಲಿಯೇ ಅಹಂಕಾರವೂ. ಗುಡ್ಡದ ಮೇಲೆ ಹೊಗೆ ಕಂಡೊಡನೆ ಬೆಂಕಿಯನ್ನು ಊಹಿಸುವ ತಾರ್ಕಿಕನಂತೆ, ಅದು ಸೊಸೆಯ ಒಗ್ಗರಣೆಯ ಹೊಗೆ ಕಂಡೊಡನೆ ಕೆಂಪಾಗಿ ಭೋರ್ಗರೆಯತೊಡಗಿತು. ದಶವಾಯುಗಳಲ್ಲಿ ಕೃಕರವೆಂಬುದು ಸೀನಿಗೆ ಕಾರಣವೆಂದು ಕೆಲವರೂ ಹಸಿವಿಗೆ ಕಾರಣವೆಂದು ಕೆಲವರೂ ಹೇಳಿ ಪಂಡಿತರಲ್ಲಿ ಭಿನ್ನಾಭಿಪ್ರಾಯ ಉಳಿದುಬಂದಿದೆಯಷ್ಟೆ; ಇಂಗು ಮೆಣಸಿನಕಾಯಿಗಳ ಒಗ್ಗರಣೆಯ ಬಳಿ ನಿಂತವನಿಗೆ ಎರಡೂ ಏಕಕಾಲದಲ್ಲಿ ಆಗುವುದರಿಂದ ಆ ವಿವಾದ ಅನಾವಶ್ಯಕವೆಂದು ಇಲ್ಲಿಯೇ ಸೂಚಿಸುತ್ತೇನೆ. ಅಷ್ಟರಲ್ಲಿ ಹೀಟರಿನ ಕಾವಿಗೆ ಎಲ್ಲರ ತುಟಿಗಳೂ ಒಡೆಯಲಾಗಿ, ಮಗನು ಗಾಳಿಗೆ ತೇವವೂಡಿಸುವ ಇನ್ನೊಂದು ಯಂತ್ರವನ್ನು ತಂದನು. ಅದು ನೀರನ್ನು ಅತಿವೇಗದ ಕಂಪನದಿಂದ ಮಂಜಾಗಿ ಚಿಮ್ಮಿಸುವ ಜಾತಿಯದು. ಅದಕ್ಕೆ ಹಾಕಿದ್ದೋ ಕೊಳವೆಬಾವಿಯ ಗಡುಸುನೀರು. ಮಂಜಿನ ಹನಿ ಆರಿದರೂ ಅದರೊಳಗಿನ ಸುಣ್ಣ ಆರಲಾರದಷ್ಟೆ. ಅದು ಬಿಳಿಯ ಹುಡಿಯಾಗಿ ಕೋಣೆಯಲ್ಲೆಲ್ಲ ತೇಲಿ, ಶೋಧಕಯಂತ್ರ ಅದನ್ನು ಧೂಳೆಂದು, ನ್ಯಾಯವಾಗಿಯೇ, ತಿಳಿದು ಕೆಂಪಾಯಿತು. ಒಂದು ಉಗುಳುವುದು, ಇನ್ನೊಂದು ನುಂಗುವುದು, ಎರಡಕ್ಕೂ ವಿದ್ಯುಚ್ಛಕ್ತಿಯ ಖರ್ಚನ್ನು ನನ್ನ ಮಗನು ಕೊಡುವುದು, ಹೀಗೆ ಒಂದು ವಾರ ನಡೆದ ಆ ವಾಕ್ಯಾರ್ಥಸಭೆಯು, ಆಮೇಲೆ ಕುದಿಸಿ ಇಳಿಸಿದ ಭಟ್ಟಿನೀರನ್ನು ತುಂಬಿದ ಮೇಲೆ ಮುಗಿಯಿತು.

ಬೇಸಗೆಯಲ್ಲಿ ನಾನು ಊರಿಗೆ ಹೊರಟಾಗ, ಅಪ್ಪನ ಸೀನಿನ ಚಿಂತೆಯಿಂದ ಮಗನು ಆ ಯಂತ್ರವನ್ನು ನನ್ನೊಡನೆಯೇ ಕಳುಹಿಸಿದನು. ನಮ್ಮ ಮನೆ ಆಗುಂಬೆಯ ಸೀಮೆಯಲ್ಲಿ, ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಮೇಲ್ಪಟ್ಟು ಮಳೆ ಹೊಯ್ಯುವ ಘಟ್ಟದ ನೆತ್ತಿಗೆ ಸಮೀಪದಲ್ಲಿದೆ. ಹೆಂಚಿನ ಮಾಡು, ಮರದ ಜಂತಿ, ಹೆಂಚುಹೆಂಚಿನ ನಡುವೆ ಬೆಕ್ಕಿನ ಬಾಲ ಹಾಯುವಷ್ಟು ಸಂದು. ಪುನರ್ವಸು ಹಿಡಿಯಿತು. ಯಂತ್ರ ಪಡಸಾಲೆಯಲ್ಲಿ ಹಸಿರು ದೀಪ ಹಚ್ಚಿಕೊಂಡು ಪರಮಸುಖಿಯಾಗಿತ್ತು. ಮಳೆ ತೊಳೆದ ಗಾಳಿಯಲ್ಲಿ ಅದಕ್ಕೆ ಹಿಡಿಯಲು ಕಣವೆಲ್ಲಿಯದು? ಅದರ ನೇರ ಮೇಲೆ, ನಾಗಂದಿಗೆಯ ಮೇಲಿಟ್ಟಿದ್ದ ನನ್ನ ಚರ್ಮದ ಜೋಡುಗಳೂ ಹಸಿರಾಗಿದ್ದವು. ಒಂದು ಹಸಿರು ಗಾಳಿ ಶುದ್ಧವೆಂದು ಸಾರುತ್ತಿತ್ತು. ಇನ್ನೊಂದು ಹಸಿರು, ಅಂಗುಲದ ಕಾಲುಭಾಗ ಬೆಳೆದ ಬೂಷ್ಟು, ಅದಕ್ಕೆ ಪ್ರತ್ಯಕ್ಷವಾದ ಆಕ್ಷೇಪವನ್ನೆತ್ತುತ್ತಿತ್ತು. ನನ್ನ ಸೀನು ಎರಡನೆಯ ಪಕ್ಷಕ್ಕೆ ಸೇರಿತ್ತು. ಒಮ್ಮೊಮ್ಮೆ ಬಾಗಿಲಿನಿಂದ ಕಾವಳ ಒಳನುಗ್ಗಿದಾಗ ಯಂತ್ರದ ಕಣ್ಣು ಮಂಜಿನ ಹನಿಯನ್ನೂ ಹೊಗೆಯ ಕಣವನ್ನೂ ಬೇರ್ಪಡಿಸಲಾರದೆ, ಬೆಳಕು ಚದರಿತೆಂಬಷ್ಟರಿಂದಲೇ ಕಡುಗೆಂಪಾಗಿ ಕಿರುಚುತ್ತಿತ್ತು. ಆಗುಂಬೆಯ ಮೋಡವನ್ನು ಅದು ದೆಹಲಿಯೆಂದು ಭ್ರಮಿಸಿತ್ತು. ಹಗ್ಗದಲ್ಲಿ ಹಾವನ್ನು ಕಾಣುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಅದ್ವೈತಿಗಳಿಗೆ ಸಿಕ್ಕಲಾರದು.

ನಾನಾದರೋ ಶಾಸ್ತ್ರವನ್ನು ಬಿಡಲಿಲ್ಲ. ಹದಿನೈದು ದಿನಕ್ಕೊಮ್ಮೆ ಮುಂದಿನ ಜಾಲರಿಯನ್ನು ತೊಳೆಯುವುದು ನಿತ್ಯಕರ್ಮ. ವರ್ಷಕ್ಕೊಮ್ಮೆಯೋ ಅದಕ್ಕೂ ಮುಂಚೆಯೋ ಹೆಪಾವನ್ನು ಬದಲಿಸುವುದು ನೈಮಿತ್ತಿಕ. ಹೆಪಾವನ್ನು ನೀರಿನಲ್ಲಿ ತೊಳೆಯುವುದು ನಿಷಿದ್ಧ, ಪ್ರಾಯಶ್ಚಿತ್ತವೆಂದರೆ ಹೊಸದಕ್ಕೆ ಹಣ ತೆರುವುದು. ನಿತ್ಯಕರ್ಮವನ್ನು ಮಾಡಿದೆ. ಆದರೆ ನೆರಳಿನಲ್ಲಿ ಪೂರ್ಣವಾಗಿ ಒಣಗಿಸಿ ತೊಡಿಸಬೇಕೆಂಬ ವಿಧಿ ಪುನರ್ವಸುವನ್ನು ಕಂಡವರು ಬರೆದುದಲ್ಲ. ಐದು ದಿನ ಕಾದೂ ಆರದ ಜಾಲರಿಯನ್ನು ಹಸಿಯಾಗಿಯೇ ತೊಡಿಸಿದೆ. ಪುಷ್ಯದ ಹೊತ್ತಿಗೆ ಶೋಧಕದ ಮಡಿಕೆಗಳಲ್ಲಿಯೂ ಬೂಷ್ಟು ಹುಟ್ಟಿ, ಯಂತ್ರವು ತಾನು ಹಿಡಿಯಬೇಕಾದುದನ್ನು ತಾನೇ ಬಿತ್ತತೊಡಗಿತು. ದೀಪ ಮಾತ್ರ ಹಸಿರು.

ಆಗ ಫೋನಿನಲ್ಲಿ ವರ್ತಮಾನ ಕೇಳಿದ ಮಗನು ತೇವ ಹೀರುವ ಯಂತ್ರವೊಂದನ್ನೂ ಆರ್ದ್ರತೆಯನ್ನಳೆಯುವ ಅಂಗೈಯಗಲದ ಮಾಪಕವೊಂದನ್ನೂ ಕಳುಹಿಸಿದನು. ಯಂತ್ರವು ತಣ್ಣನೆಯ ಸುರುಳಿಯ ಮೇಲೆ ಗಾಳಿಯ ನೀರನ್ನು ಇಬ್ಬನಿಯಾಗಿಸಿ ತೊಟ್ಟಿಗೆ ಇಳಿಸುವುದು. ಬಾಗಿಲು ಕಿಟಕಿ ಮುಚ್ಚಿದ ಕೋಣೆಯಲ್ಲಿ ಅದು ಸಾರ್ಥಕವಾದುದೇ. ಆದರೆ ನಮ್ಮ ಪಡಸಾಲೆಯ ಮಾಡಿನಲ್ಲಿ ಸಾವಿರ ಸಂದು. ತೊಟ್ಟಿ ತುಂಬಿತು, ಚೆಲ್ಲಿದೆವು, ಮತ್ತೆ ತುಂಬಿತು. ಸಮುದ್ರವನ್ನು ಆಪೋಶನ ತೆಗೆದುಕೊಂಡ ಅಗಸ್ತ್ಯರಿಗೂ ಇಡಿಯ ಪಶ್ಚಿಮಘಟ್ಟವನ್ನು ಒಣಗಿಸಲು ಹೊರಟ ಈ ಯಂತ್ರಕ್ಕೂ ಇದ್ದ ವ್ಯತ್ಯಾಸವೆಂದರೆ, ಅಗಸ್ತ್ಯರಿಗೆ ದಿನಕ್ಕೆ ಆರು ಗಂಟೆ ಕರೆಂಟು ಹೋಗುತ್ತಿರಲಿಲ್ಲ.

ನನ್ನ ಅತ್ತಿಗೆ ಇಷ್ಟನ್ನೂ ನೋಡುತ್ತಿದ್ದರು. ಅವರು ಜೋಡುಗಳನ್ನೂ ಜಾಲರಿಯನ್ನೂ ನನ್ನ ಪುಸ್ತಕಗಳ ಒಂದು ಗಂಟನ್ನೂ ಎತ್ತಿ ಒಲೆಯ ಮೇಲಿನ ಅಟ್ಟಕ್ಕೆ ಸೇರಿಸಿದರು. 20 ಡಿಗ್ರಿಯಲ್ಲಿ ತೇವದಿಂದ ತುಂಬಿ ತುಳುಕುವ ಗಾಳಿಯನ್ನು ಬರಿದೆ 30 ಡಿಗ್ರಿಗೆ ಕಾಯಿಸಿದರೆ, ಒಂದು ಹನಿ ನೀರನ್ನೂ ತೆಗೆಯದೆ ಅದರ ಸಾಪೇಕ್ಷ ಆರ್ದ್ರತೆ ನೂರರಿಂದ 55ರ ಆಸುಪಾಸಿಗೆ ಇಳಿಯುವುದೆಂದೂ, ಬೂಷ್ಟಿಗೆ ಅಲ್ಲಿ ಬಾಳು ಕಷ್ಟವೆಂದೂ ನಾನು ಅವರಿಗೆ ವಿವರಿಸಹೊರಟೆ. ಅವರು ಅಟ್ಟದ ಮೇಲಿಂದ, ಏಣಿಯನ್ನು ಸರಿಯಾಗಿ ಹಿಡಿದುಕೊಳ್ಳಿ ಎಂದರು.

ಕಡೆಯದಾಗಿ ಪ್ರಮಾಣಪರೀಕ್ಷೆ. ಮಾಪಕವು ಒಂದು ಬೆಳಗ್ಗೆ 81 ತೋರಿಸಿತು. ಅತ್ತಿಗೆ ಉಪ್ಪಿನ ಮರಿಗೆಯನ್ನು ಇಣುಕಿ, ಇಲ್ಲ, ಇವತ್ತು ಅಷ್ಟಿಲ್ಲ, ಉಪ್ಪು ನೀರೊಡೆದಿಲ್ಲ ಎಂದರು. ಮಾಪಕದ ಮಾತೋ ಮರಿಗೆಯ ಮಾತೋ? ಜಿನೀವಾದ ಸೊಸ್ಯೂರ್ ಎಂಬ ವಿದ್ವಾಂಸನು 1783ರಲ್ಲಿ ಮನುಷ್ಯನ ತಲೆಗೂದಲು ತೇವಕ್ಕೆ ಹಿಗ್ಗುವುದನ್ನು ನಂಬಿ ಆರ್ದ್ರತಾಮಾಪಕವನ್ನು ವಿವರಿಸಿದ್ದನಾದರೂ, ಆ ಉಪಕರಣಕ್ಕೆ ಬೇಕಾದ ಸಾಮಗ್ರಿ ನನ್ನ ತಲೆಯಲ್ಲಿ ಉಳಿದಿರಲಿಲ್ಲ. ಆದುದರಿಂದ ಪ್ರಯೋಗಶಾಲೆಗಳಲ್ಲಿ ನಡೆಯುವ ಇನ್ನೊಂದು ವಿಧಾನವನ್ನು ಹಿಡಿದೆ: ಬಟ್ಟಲಲ್ಲಿ ಉಪ್ಪನ್ನು ನೀರು ಹನಿಸಿ ಕೆಸರಿನ ಹದಕ್ಕೆ ತಂದು, ಮಾಪಕದೊಡನೆ ಬಿಗಿ ಮುಚ್ಚಳದ ಡಬ್ಬಿಯಲ್ಲಿಟ್ಟರೆ, ಒಂದು ಹಗಲು ಕಳೆಯುವಷ್ಟರಲ್ಲಿ ಒಳಗಿನ ಗಾಳಿಯ ಆರ್ದ್ರತೆ ಸರಿಯಾಗಿ 75ಕ್ಕೆ ನಿಲ್ಲುವುದು. ಅದಕ್ಕೂ ಮೇಲಾದ ಗಾಳಿಯಲ್ಲಿಯೇ ಉಪ್ಪು ನೀರೊಡೆಯುವುದು. ಸಂಜೆ ತೆಗೆದು ನೋಡಲು, ಡಬ್ಬಿಯೊಳಗೆ ಮಾಪಕ ಓದುತ್ತಿದ್ದುದು ಅದೇ 81.

ಅತ್ತಿಗೆ ಪಂಚಾಂಗದ ಹಳೆಯ ಹಾಳೆಯೊಂದನ್ನು ಹರಿದು, ‘ಆರು ಕಳೆಯಿರಿ’ ಎಂದು ಬರೆದು, ಅನ್ನದ ಅಗುಳಿನಿಂದ ಅದನ್ನು ಮಾಪಕದ ಹಣೆಗೆ ಅಂಟಿಸಿ, ಬಟ್ಟಲಿನ ಉಪ್ಪನ್ನು ದಂಡಮಾಡದೆ ಸಾರಿಗೆ ಹಾಕಿದರು.