ಕೋಗಿಲೆ ಮರಿಯೂ ಬಾಣಂತನದ ಗಂಟೂ

"ಏನೇ ಹೇಳು, ಹುಟ್ಟುಗುಣ ಸುಟ್ಟರೂ ಹೋಗಲ್ಲ ಕಣೇ" ಅಂದರು ಬೇಲಿಯಾಚೆಯಿಂದ ದೊಡ್ಡಮ್ಮ. ಪಕ್ಕದ ಮನೆಯವರು, ಆದರೂ ದೊಡ್ಡಮ್ಮ ಎಂದೇ ಕರೆದು ರೂಢಿ. ಮೊರದಲ್ಲಿ ಒಣಶುಂಠಿ, ಹಿಪ್ಪಲಿ, ಓಮ ಹರಡಿ ಬಿಸಿಲಿಗಿಡುತ್ತಿದ್ದರು. ಸಿಯಾಟಲ್‌ನಲ್ಲಿರುವ ಮಗಳಿಗೆ ಏಳು ತಿಂಗಳು ತುಂಬಿದೆ. ಬಾಣಂತನಕ್ಕೆ ಇವರೇ ಹೊರಟಿದ್ದಾರೆ. ಮಾವಿನ ಮರದಲ್ಲಿ ಕೋಗಿಲೆ ಒಂದೇ ಸಮನೆ ಕೂಗುತ್ತಿತ್ತು. "ಅದನ್ನ ಸಾಕಿದ್ದು ಕಾಗೆ. ಆದ್ರೂ ಕಾ ಅನ್ನುತ್ತಾ ನೋಡು. ನನ್ನ ಮೊಮ್ಮಗು ಎಲ್ಲಿ ಹುಟ್ಟಿದರೇನು, ಕನ್ನಡ ರಕ್ತದಲ್ಲೇ ಬಂದಿರುತ್ತೆ."

ದೊಡ್ಡಪ್ಪ ಜಗಲಿಯ ಮೇಲಿಂದಲೇ ಪೇಪರ್ ಕೆಳಗಿಳಿಸಿದರು. "ರಕ್ತದಲ್ಲಿ ಭಾಷೆ ಬರುತ್ತೇನೇ? ಅಮೆರಿಕದಲ್ಲಿ ಬೆಳೆದ ಮಗು ಅಮೆರಿಕದವರ ಥರಾನೇ ಆಗೋದು. ಎಲ್ಲ ವಾತಾವರಣ."

ಕೋಗಿಲೆ ವಿಷಯದಲ್ಲಿ ದೊಡ್ಡಮ್ಮ ಹೇಳಿದ್ದು ಪೂರ್ತಿ ಸರಿ. ಕಾಗೆಯ ಮೊಟ್ಟೆಗಿಂತ ಮೊದಲೇ ಒಡೆದು, ಕಾಗೆಯ ಗುಟುಕು ತಿಂದು, ಕಾಗೆಯ ಕೂಗನ್ನೇ ಕೇಳಿ ಬೆಳೆದರೂ ಕೋಗಿಲೆಗೆ ತನ್ನ ಕುಹೂ ಯಾರೂ ಕಲಿಸಬೇಕಿಲ್ಲ. ಆದರೆ ಮಾತಿನ ವಿಷಯಕ್ಕೆ ಬಂದರೆ ಮನುಷ್ಯರು ಕೋಗಿಲೆಯ ಪೈಕಿ ಅಲ್ಲ, ಕಾಗೆಯ ಪೈಕಿ. ಕೇಳಿ ದನಿ ಕಲಿಯುವ ಹಕ್ಕಿಗಳು ಮುಖ್ಯವಾಗಿ ಮೂರು ಬಳಗದವು: ಗಿಳಿಗಳು, ಅಮೆರಿಕ ಖಂಡಗಳ ಹಮ್ಮಿಂಗ್‌ಬರ್ಡ್‌ಗಳು, ಮತ್ತೆ ಹಾಡುಹಕ್ಕಿಗಳು. ಆ ಹಾಡುಹಕ್ಕಿಗಳ ಬಳಗದಲ್ಲಿ ಕಾಗೆ ಇದೆ, ಕೋಗಿಲೆ ಇಲ್ಲ. ಗಾಯಕಿ ಎಂದು ನಾವು ಹೊಗಳುವ ಹಕ್ಕಿಯದು ಕಲಿಯದ ಹಾಡು, ಕರ್ಕಶ ಎಂದು ಓಡಿಸುವ ಹಕ್ಕಿಯದು ಕಲಿಯಬಲ್ಲ ಕಿವಿ. ಇದನ್ನು ಹೇಳಿದರೆ ದೊಡ್ಡಮ್ಮ ನಂಬಲೇ ಇಲ್ಲ.

"ಹಾಗಾದ್ರೆ ನಾನು ಹೇಳಿದ್ದೇ ಸರಿ" ಅಂದರು ದೊಡ್ಡಪ್ಪ. ಅದೂ ಪೂರ್ತಿ ಸರಿಯಲ್ಲ. ಪೀಟರ್ ಮಾರ್ಲರ್ ಎಂಬ ವಿಜ್ಞಾನಿ 1960ರ ದಶಕದಲ್ಲಿ ಕ್ಯಾಲಿಫೋರ್ನಿಯಾದಲ್ಲಿ ವೈಟ್ ಕ್ರೌನ್ಡ್ ಸ್ಪ್ಯಾರೋ ಎಂಬ ಪುಟ್ಟ ಹಕ್ಕಿಯ ಹಿಂದೆ ಬಿದ್ದಿದ್ದರು. ನಮ್ಮಲ್ಲಿ ಮೈಸೂರು ಕನ್ನಡ, ಮಂಗಳೂರು ಕನ್ನಡ ಇರುವಂತೆ ಈ ಹಕ್ಕಿಯ ಹಾಡಿನಲ್ಲೂ ಊರಿಗೊಂದು ಧಾಟಿ. ಗೂಡಿನಿಂದ ತಂದ ಮರಿಯನ್ನು ಒಂಟಿಯಾಗಿ, ಹಾಡೇ ಕೇಳಿಸದಂತೆ ಬೆಳೆಸಿದರೆ ಅದು ದೊಡ್ಡದಾದ ಮೇಲೆ ಮೊಟಕು ಮೊಟಕಾಗಿ ಏನೋ ಹಾಡುತ್ತದೆ, ಜಾತಿಯ ಹಾಡಾಗುವುದಿಲ್ಲ. ಸುಮಾರು 10ರಿಂದ 50 ದಿನದ ವಯಸ್ಸಿನೊಳಗೆ ಟೇಪಿನಲ್ಲಿ ತನ್ನವರ ಹಾಡು ಕೇಳಿಸಿದರೆ, ತಿಂಗಳುಗಳ ನಂತರ ಅದನ್ನೇ ನೆನಪಿನಿಂದ ತೆಗೆದು ಹಾಡುತ್ತದೆ. ಯಾವ ಊರಿನ ಟೇಪೋ ಆ ಊರಿನ ಧಾಟಿಯಲ್ಲಿ. ಇಲ್ಲಿಯವರೆಗೆ ದೊಡ್ಡಪ್ಪನ ಪಕ್ಷವೇ ಗೆದ್ದ ಹಾಗೆ ಕಾಣುತ್ತದೆ. ಆದರೆ ಆ ಮರಿಗೆ ಬೇರೆ ಜಾತಿಯ ಹಾಡನ್ನೂ ಜೊತೆಯಲ್ಲೇ ಕೇಳಿಸಿ ನೋಡಿದರು. ಅದನ್ನು ಬಿಟ್ಟು ತನ್ನ ಜಾತಿಯದನ್ನೇ ಆರಿಸಿಕೊಂಡಿತು. ಯಾವುದಕ್ಕೆ ಕಿವಿಗೊಡಬೇಕು, ಯಾವ ವಯಸ್ಸಿನಲ್ಲಿ ಕೊಡಬೇಕು ಎಂಬುದು ಹುಟ್ಟಿನಿಂದ ಬಂದದ್ದು. ಕಿವಿಗೆ ಬೀಳುವುದು ಸುತ್ತಲಿನವರಿಂದ. ಹಾಡಿನಲ್ಲಿ ಇದರದೆಷ್ಟು ಪಾಲು, ಅದರದೆಷ್ಟು ಎಂದು ಕೊಯ್ದು ಹಂಚಲು ಬರುವುದಿಲ್ಲ.

"ಹಕ್ಕಿ ಕತೆ ಬಿಡು, ಮಗೂದು ಹೇಳು" ಅಂದರು ದೊಡ್ಡಮ್ಮ.

ಮಗುವಿನ ಕತೆ ಹೊಟ್ಟೆಯಲ್ಲಿರುವಾಗಲೇ ಶುರು. ಏಳನೇ ತಿಂಗಳಿಗೆ ಕಿವಿ ಕೆಲಸ ಮಾಡುತ್ತಿರುತ್ತದೆ. ಹುಟ್ಟಿ ಮೂರು ದಿನವೂ ಆಗದ ಶಿಶುಗಳು ಬೇರೆ ಹೆಂಗಸಿನ ದನಿಗಿಂತ ತಾಯಿಯ ದನಿ ಕೇಳುವುದಕ್ಕಾಗಿ ಚೀಪುವ ಲಯವನ್ನೇ ಬದಲಿಸಿದವು ಎಂದು 1980ರಲ್ಲಿ ಅಮೆರಿಕದಲ್ಲಿ ತೋರಿಸಿದರು. "ಅಭಿಮನ್ಯು!" ಅಂದರು ದೊಡ್ಡಮ್ಮ ತಕ್ಷಣ. ಚಕ್ರವ್ಯೂಹವನ್ನೆಲ್ಲ ಕಲಿಯಲಾರದು, ಅಮ್ಮನ ದನಿ, ಮಾತಿನ ಏರಿಳಿತ ಮಾತ್ರ ಪರಿಚಯವಾಗಿರುತ್ತದೆ.

ಅದಕ್ಕಿಂತ ನನಗೆ ಹತ್ತಿರವಾದದ್ದು ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ 1984ರಲ್ಲಿ ಕೆನಡಾದಿಂದ ಪ್ರಕಟಿಸಿದ ಸಂಗತಿ. ಇಂಗ್ಲಿಷ್ ಮನೆಗಳ ಶಿಶುಗಳಿಗೆ ಅವರು ಹಿಂದಿಯ ತ ಮತ್ತು ಟ ಕೇಳಿಸಿದರು. ನಮ್ಮ ಕತ್ತೆಗೂ ಕಟ್ಟೆಗೂ ಇರುವ ವ್ಯತ್ಯಾಸವೇ ಅದು. ಇಂಗ್ಲಿಷ್ ಮಾತಾಡುವ ದೊಡ್ಡವರಿಗೆ ಆ ವ್ಯತ್ಯಾಸ ಕಿವಿಗೇ ಬೀಳುವುದು ಕಷ್ಟ. ಆದರೆ ಆರರಿಂದ ಎಂಟು ತಿಂಗಳ ಶಿಶುಗಳು ಸಲೀಸಾಗಿ ಗುರುತಿಸಿದವು. ವರ್ಷ ತುಂಬುವ ಹೊತ್ತಿಗೆ ಆ ಶಕ್ತಿ ಬಹುಪಾಲು ಇಳಿದಿತ್ತು. ಹಿಂದಿ ಮನೆಗಳ ಮಕ್ಕಳಲ್ಲಿ ಮಾತ್ರ ಹಾಗೇ ಉಳಿದಿತ್ತು. ಎಂಥ ಮಾತಿದು! ಸಿಯಾಟಲ್‌ನಲ್ಲಿ ಹುಟ್ಟಲಿ, ಶಿರಸಿಯಲ್ಲಿ ಹುಟ್ಟಲಿ, ಪ್ರತಿ ಮಗುವೂ ಕತ್ತೆ-ಕಟ್ಟೆಯನ್ನು ಬೇರೆ ಮಾಡಬಲ್ಲ ಕಿವಿಯೊಂದಿಗೇ ಬರುತ್ತದೆ. ಬಳಸುವವರು ಸುತ್ತ ಇದ್ದರೆ ಅದು ಉಳಿಯುತ್ತದೆ. ದೊಡ್ಡವರಾದ ಮೇಲೂ ಕಲಿಯಬಹುದು, ಪಾಡುಪಟ್ಟು.

"ಅಷ್ಟೇ ತಾನೆ? ಮೊಬೈಲಿನಲ್ಲಿ ಕನ್ನಡ ಶಿಶುಗೀತೆ ಹಾಕಿಟ್ಟರಾಯಿತು" ಅಂದರು ದೊಡ್ಡಪ್ಪ. ಇದನ್ನೂ ಪರೀಕ್ಷಿಸಿದ್ದಾರೆ, ಅವರ ಮಗಳಿರುವ ಊರಿನಲ್ಲೇ. ಪೆಟ್ರೀಷಿಯಾ ಕೂಲ್ ಮತ್ತು ಸಂಗಡಿಗರು 2003ರಲ್ಲಿ ವರದಿ ಮಾಡಿದ ಪ್ರಯೋಗ: ಒಂಬತ್ತು ತಿಂಗಳ ಅಮೆರಿಕನ್ ಶಿಶುಗಳ ಜೊತೆ ಮ್ಯಾಂಡರಿನ್ ಮಾತಾಡುವವರು ಕೂತು 12 ಸಲ ಆಡಿದರು, ಪುಸ್ತಕ ಓದಿದರು. ಆ ಮಕ್ಕಳು ಚೀನೀ ದನಿಗಳನ್ನು ಗುರುತಿಸತೊಡಗಿದರು. ಅದೇ ಮಾತು, ಅದೇ ಆಟ ಟಿವಿಯಲ್ಲಿ ತೋರಿಸಿದಾಗ ಏನೂ ಹತ್ತಲಿಲ್ಲ. ಹಕ್ಕಿಗಳಲ್ಲೂ ಹೀಗೇ ಆಗಿತ್ತು. ಟೇಪಿನ ಬದಲು ಹಾಡುವ ಹಕ್ಕಿಯನ್ನೇ ಪಕ್ಕದಲ್ಲಿಟ್ಟಾಗ 50 ದಿನ ದಾಟಿದ ಮರಿಗಳೂ ಕಲಿತವು, ಬೇರೆ ಜಾತಿಯ ಹಾಡನ್ನು ಕೂಡ. ವಾತಾವರಣ ಅಂದರೆ ಬರೀ ಸದ್ದಲ್ಲ, ದೊಡ್ಡಪ್ಪ. ಎದುರಿಗೆ ಕೂತು, ಮಗು 'ಊಂ' ಅಂದರೆ ತಾವೂ 'ಊಂ' ಅನ್ನುವ ಒಬ್ಬರು ಬೇಕು.

ಇಷ್ಟು ಹೊತ್ತು ಹರಟೆಯ ಧಾಟಿಯಲ್ಲೇ ಇದ್ದೆ. ಆದರೆ 'ಹುಟ್ಟುಗುಣ' ಎಂದು ಕೈಚೆಲ್ಲುವ ನಮ್ಮ ಅಭ್ಯಾಸದ ಬಗ್ಗೆ ನನಗೆ ನಿಜವಾದ ಸಂಕಟವಿದೆ. ಮಗು ಕರೆದರೆ ತಿರುಗುವುದಿಲ್ಲ, ವರ್ಷ ಕಳೆದರೂ ಮಾತಿಲ್ಲ. ಮನೆಯವರು "ಅವರಪ್ಪನಿಗೂ ಮಾತು ತಡವಾಗಿಯೇ ಬಂತು" ಎಂದು ಕಾಯುತ್ತಾರೆ. ಇನ್ನು ಕೆಲವರು "ಅಮ್ಮ ಕೆಲಸಕ್ಕೆ ಹೋಗ್ತಾಳೆ, ಮಾತಾಡಿಸಲ್ಲ" ಎಂದು ತಾಯಿಯ ತಲೆಗೆ ಕಟ್ಟುತ್ತಾರೆ. ಎರಡರ ನಡುವೆ ಯಾರೂ ಕಿವಿ ಪರೀಕ್ಷೆ ಮಾಡಿಸಿರುವುದಿಲ್ಲ. ಶಿಶು ಮಲಗಿರುವಾಗಲೇ ಕಿವಿಗೆ ಸಣ್ಣ ಸಾಧನವಿಟ್ಟು, ಒಳಕಿವಿ ತಾನೇ ಹೊರಡಿಸುವ ಮೆಲುದನಿ ಬರುತ್ತಿದೆಯೇ ಎಂದು ಕೆಲವೇ ನಿಮಿಷದಲ್ಲಿ ನೋಡುತ್ತಾರೆ, ನೋವಿಲ್ಲ. ಒಂದು ತಿಂಗಳೊಳಗೆ ಆ ಮೊದಲ ಪರೀಕ್ಷೆ, ಅನುಮಾನ ಬಂದರೆ ಮೂರು ತಿಂಗಳೊಳಗೆ ಖಚಿತ ಮಾಡಿಕೊಳ್ಳುವುದು, ಆರು ತಿಂಗಳೊಳಗೆ ಶ್ರವಣ ಸಾಧನವೋ ಇನ್ನೊಂದೋ ಶುರು ಮಾಡುವುದು. ಇದು ತಜ್ಞರು ಹಾಕಿಕೊಟ್ಟ ಲೆಕ್ಕ. ನಮ್ಮ ಮೈಸೂರಿನ ಮಾನಸಗಂಗೋತ್ರಿಯಲ್ಲೇ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಕಿವುಡು ಹುಟ್ಟಿನಿಂದಲೇ ಬಂದಿದ್ದರೂ ಭಾಷೆಯ ಹಸಿವು ಆ ಮಗುವಿನಲ್ಲೂ ಅಷ್ಟೇ ಇರುತ್ತದೆ. ಕೈಸನ್ನೆಯ ಭಾಷೆ ಆಡುವ ಮನೆಯಲ್ಲಿ ಹುಟ್ಟಿದ ಕಿವುಡು ಶಿಶುಗಳು ಬೆರಳಿನಲ್ಲೇ ತೊದಲುತ್ತವೆ! ಹಸಿದ ಕೂಸಿಗೆ ಭಾಷೆ ಕೊಡದೆ ಹಣೆಬರಹ ಅನ್ನುವುದು ಅನ್ಯಾಯ.

ದೊಡ್ಡಮ್ಮ ಸುಮ್ಮನೆ ಹಿಪ್ಪಲಿ ಕೆದರುತ್ತಿದ್ದವರು ಬೆರಳು ಮಡಚಿ ಎಣಿಸಿದರು. "ಅಲ್ಲ ಕಣೇ, ನಾನು ಆರು ತಿಂಗಳಿಗೆ ವಾಪಸ್ ಬಂದುಬಿಡ್ತೀನಲ್ಲ. ನೀನು ಹೇಳೋ ಆರರಿಂದ ವರ್ಷದವರೆಗೆ ಯಾರು?"

"ಅಮ್ಮ ಅಪ್ಪ ಇದ್ದೇ ಇರ್ತಾರಲ್ಲ. ಅವರು ಮನೆಯಲ್ಲಿ ಕನ್ನಡ ಬಿಡದಿದ್ದರೆ ಸರಿ. ನಿಮ್ಮ ನಂತರ ಬೀಗರು ಹೋಗ್ತಾರೆ ಅಂದಿದ್ರಿ?"

"ಹೋಗ್ತಾರೆ. ಅವರು ಹುಬ್ಬಳ್ಳಿಯವರು. ಮಗು 'ಹೌದ್ರೀ, ಬರ್ರೀ' ಅನ್ನುತ್ತೇನೋ!"

"ಅನ್ನಲಿ ಬಿಡಿ. ಎರಡೂ ಧಾಟಿ ಬರಲಿ."

"ಅದೂ ಸರಿ. ಬೀಗಿತ್ತಿಗೆ ಈಗಲೇ ಹೇಳಿಬಿಡ್ತೀನಿ, ಅಲ್ಲಿ ಹೋದ್ಮೇಲೆ ಮೊಮ್ಮಗು ಜೊತೆ ಇಂಗ್ಲಿಷ್ ಅಭ್ಯಾಸ ಮಾಡಬೇಡಿ ಅಂತ" ಎನ್ನುತ್ತ ದೊಡ್ಡಮ್ಮ ಫೋನ್ ತರಲು ಒಳಗೆ ನಡೆದರು.