ಪೆಟ್ಟಿಗೆಯ ಹಿಂದಿನ ರಾಯರು

ನಮ್ಮ ಬೀದಿಯ ರಾಯರು ನಿವೃತ್ತರಾದ ಮೇಲೆ ಕೈಗೊಂಡ ಏಕೈಕ ವ್ರತವೆಂದರೆ, 1972ರಲ್ಲಿ ಮುಂಬಯಿಯಲ್ಲಿ ಟೆಲಿವಿಷನ್ ಪ್ರಸಾರ ತೊಡಗಿದ ಹೊಸತರಲ್ಲಿ ಅವರ ಅಣ್ಣನವರು ಕೊಂಡು, ತರುವಾಯ ಅಟ್ಟದ ಜೇಡರ ಬಲೆಗೆ ಒಪ್ಪಿಸಿದ್ದ ವಾಲ್ವಿನ ಟೆಲಿವಿಷನ್ನಿಗೆ ಪುನರ್ಜನ್ಮ ಕೊಡುವುದು. ಎಸ್.ಪಿ. ರಸ್ತೆಯ ಅಂಗಡಿಗಳನ್ನೆಲ್ಲ ಅಲೆದು, ಒಣಗಿಹೋಗಿದ್ದ ಕಂಡೆನ್ಸರುಗಳನ್ನು ಬದಲಿಸಿ, ಅದರ ಗಾಜಿನ ಬುರುಡೆಗಳು ನಂದಾದೀಪದಂತೆ ಕೆಂಪಗೆ ಬೆಳಗುವ ಹಾಗೆ ಮಾಡಿದ ಅವರ ಸಾಮರ್ಥ್ಯದಲ್ಲಿ ನನಗೆ ಲವಲೇಶವೂ ಸಂಶಯವಿಲ್ಲ. ನನ್ನ ವಿಸ್ಮಯ ಬೇರೆಯದು: ಈ ಮಹನೀಯರು ತಾವೇ ಜೀವದಾನ ಮಾಡಿದ ಪೆಟ್ಟಿಗೆಯ ಚಿತ್ರವನ್ನು ಇದುವರೆಗೆ ಕಣ್ತುಂಬ ಕಂಡವರಲ್ಲ.

ಕಾಣುವುದಾದರೂ ಹೇಗೆ? ಅವರ ಪೀಠವಿರುವುದು ಪೆಟ್ಟಿಗೆಯ ಹಿಂಬದಿಯಲ್ಲಿ. ಆ ಕಾಲದ ಪೆಟ್ಟಿಗೆಗಳ ಲೋಹದ ಚೌಕಟ್ಟಿಗೇ ಮನೆಯ ವಿದ್ಯುತ್ತು ನೇರವಾಗಿ ತಗಲಿರುವ ಸಂಭವವಿರುವುದರಿಂದ, ಹವಾಯಿ ಚಪ್ಪಲಿ ಮೆಟ್ಟಿ, ಎಡಗೈಯನ್ನು ಬೆನ್ನಿಗೆ ಒತ್ತಿಕೊಂಡು, ಬಲಗೈಯೊಂದರಿಂದಲೇ ಒಳಗಿನದನ್ನು ಕೆದಕುತ್ತ ಅವರು "ಬಂತೇನೇ?" ಎಂದು ಕೂಗುವರು. ಎದುರಿಗೆ ಸೊಪ್ಪು ಬಿಡಿಸುತ್ತ ಕುಳಿತ ಅವರ ಪತ್ನಿ "ಬಂತು" ಎನ್ನುವರು. ಮರುಕ್ಷಣವೇ "ಹೋಯ್ತು" ಎನ್ನುವರು. ಹಿಂದೆ ಆಂಟೆನಾ ತಿರುಗಿಸಲು ತಾರಸಿ ಹತ್ತಿದವರ ದಾಂಪತ್ಯವೆಲ್ಲ ಈ ಎರಡು ಕ್ರಿಯಾಪದಗಳಲ್ಲೇ ಸಾಗಿತು.

ಆಕೆಯ ವರದಿಯೇ ರಾಯರ ರೋಗನಿದಾನಕ್ಕೆ ಆಧಾರ. ಅಗಲವಾದ ಅಡ್ಡಪಟ್ಟೆಯೆಂದರೆ ಕಂಡೆನ್ಸರು ಸೋತಿದೆ; ಚುಕ್ಕಿ ರಂಗೋಲಿಯೆಂದರೆ ಎಲ್ಲಿಯೋ ಕಿಡಿ ಹಾರುತ್ತಿದೆ, ಆಗ ನಮ್ಮ ಮನೆಯ ಮಿಕ್ಸಿ ನಿಂತು ಚಟ್ನಿ ಅರೆಬರೆಯಾಗಿ ಉಳಿಯಬೇಕು. ಹೊರಗಿನ ರೇಡಿಯೋ ಅಲೆ ನುಸುಳಿದಾಗ ಮೂಡುವ ಓರೆಗೆರೆಗಳಿಗೆ ಅವರ ಇಂಗ್ಲಿಷ್ ಪುಸ್ತಕ ಮೀನಿನ ಮೂಳೆಯ ಹೆಸರಿಟ್ಟಿದೆ. ಮೀನನ್ನು ಕೆರೆಯಲ್ಲಲ್ಲದೆ ಬೇರೆಲ್ಲೂ ಕಂಡರಿಯದ ಆ ಸಾಧ್ವಿ "ಜಡೆ ಹೆಣೆದ ಹಾಗಿದೆ" ಎಂದುಬಿಟ್ಟರು. ರಾಯರು ದಿನವಿಡೀ ಪುಸ್ತಕದಲ್ಲಿ ಜಡೆಯನ್ನು ಹುಡುಕಿದರು. 625 ಗೆರೆಗಳ ಚಿತ್ರಕ್ಕೆ ಇನ್ನು ನಾಲ್ಕು ಗೆರೆ ಕೂಡಿದರೇನು ಎಂದು ನಾನು ವಿನೋದಕ್ಕೆ ಅಂದುದರ ಫಲವಾಗಿ ಅವರ ಮನೆಯ ಕಾಫಿ ನನ್ನ ಪಾಲಿಗೆ ಒಂದು ವಾರ ಇಲ್ಲವಾಯಿತು.

ಕವಚವುಳ್ಳ ಹೊಸ ಕೇಬಲ್ಲು ಕಾಲಧರ್ಮಕ್ಕೆ ಭಂಗವೆಂದು ರಾಯರು ಸೆಟ್‌ಟಾಪ್ ಪೆಟ್ಟಿಗೆಯಿಂದ ಹಳೆಯ ಚಪ್ಪಟೆ ತಂತಿಯನ್ನೇ ಎಳೆದಿದ್ದರಷ್ಟೆ. ಸುತ್ತಲಿನ ಗದ್ದಲವನ್ನೆಲ್ಲ ಅದೇ ಹೀರುತ್ತಿದೆಯೆಂದು ನಾನು ಬಿನ್ನವಿಸಿದರೆ, ಅವರ ದೃಷ್ಟಿ ಎದುರುಮನೆಯ ಮೊಬೈಲ್ ಚಾರ್ಜರಿನ ಮೇಲೆ ನೆಟ್ಟಿತ್ತು.

ನಾಲ್ಕನೆಯ ಸಂಜೆ, ಸೊಪ್ಪಿನ ಕಡ್ಡಿಗಳನ್ನು ಮೊರಕ್ಕೆ ಒಟ್ಟುತ್ತ ಆಕೆ ನುಡಿದರು: "ನಿಮ್ಮ ತಲೆ ಮೇಲಿನ ಆ ಹೊಸ ಎಲ್‌ಇಡಿ ಬಲ್ಬು ಹಾಕಿದಾಗ ಜಡೆ ಬರುತ್ತೆ, ಆರಿಸಿದ್ರೆ ಹೋಗುತ್ತೆ. ಮೂರು ದಿನದಿಂದ ನೋಡ್ತಾನೇ ಇದೀನಿ."

"ಮೊದಲೇ ಹೇಳಬಾರದಾಗಿತ್ತೇನೇ?"

"ಬಂತೇನೇ ಅಂದ್ರಿ, ಬಂತು ಅಂದೆ. ಯಾಕೆ ಬಂತು ಅಂತ ಕೇಳಿದ್ರಾ?"

ಬಲ್ಬು ಆರಿತು. ಚಿತ್ರ ಸ್ಫಟಿಕದಂತೆ ನಿಂತಿತು. ಕವಿದ ಕತ್ತಲಲ್ಲಿ ಪೆಟ್ಟಿಗೆಯ ಹಿಂದಿನಿಂದ ರಾಯರ ಧ್ವನಿ ಕೇಳಿಬಂತು: "ಟಾರ್ಚು ಎಲ್ಲಿಟ್ಟಿದೀಯೇ?"